ಡಬ್ಬಿ ಕಟ್ಟಿಕೊಂಡು ಬೆಟ್ಟ ಹತ್ತಿದ್ದು

ಬಸ್ಸು ಓಡಿಸಿದವರಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ನಾನು ಹೇಳಿದರೆ ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಮನೆಯವರ ಪಕ್ಕದ ಸೀಟಿನಲ್ಲಿ ಒಂದು ಸಲ ಕೂತು ಬಂದು ಆಮೇಲೆ ನಗಿ. ತಲೆಗೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವ ತನಕ ಅಷ್ಟುದ್ದದ ಬಸ್ಸನ್ನು ಓಡಿಸಿದ ಮನುಷ್ಯ, ಈ ಬೆಂಕಿಪೊಟ್ಟಣದಂಥ ಕಾರನ್ನೂ ಹಾಗೆಯೇ ತಿರುಗಿಸುತ್ತಿದ್ದರು. ತಿರುವು ಬಂತೆಂದರೆ ರಸ್ತೆಯ ಆ ಅಂಚಿಗೆ ಹೋಗಿ, ಹಿಂದೆ ಇಲ್ಲವೇ ಇಲ್ಲದ ಅರ್ಧ ಬಸ್ಸಿಗೆ ಜಾಗ ಮಾಡಿಕೊಟ್ಟು, ನಿಧಾನವಾಗಿ ಒಳಕ್ಕೆ ಬರುವುದು. ಹಿಂದಿನವರು ಹಾರ್ನ್ ಹೊಡೆದರೆ, "ಇವರಿಗೆಲ್ಲ ಲೈಸೆನ್ಸ್ ಯಾರು ಕೊಟ್ರೋ" ಎಂದು ಗೊಣಗುವುದು.

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡಿದ್ದೇನೆ. ಪರದೆ, ದಿಂಬಿನ ಚೀಲ, ಸೋಫಾದ ಗವಸು, ಇಂಥವೇ ಹೆಚ್ಚು. ಕಿಟಕಿಯ ಪಕ್ಕ ಕೂತರೆ ಬೀದಿ ಪೂರ್ತಿ ಕಾಣುತ್ತದೆ, ಮತ್ತೆ ಇವರು ಬರುವುದೂ ಕಾಣುತ್ತದೆ. ಇವರ ಕೆಲಸದ ಕಾಲದಲ್ಲಿ ನಾನು ನೋಡಿದ್ದೆಲ್ಲ ಇವರು ಹೋಗುವುದು ಮತ್ತು ಬರುವುದು. ನಡುವೆ ಏನು ಮಾಡುತ್ತಿದ್ದರು ಎಂಬುದನ್ನು ಬೇರೆಯವರ ಬಾಯಲ್ಲಿ ಕೇಳಿದ್ದು. ಬಸ್ಸಿನ ಸುತ್ತ ಒಂದು ಸುತ್ತು ಹಾಕಿ ಒಂದೊಂದು ಚಕ್ರಕ್ಕೂ ಒದ್ದು ನೋಡುತ್ತಿದ್ದರಂತೆ. ಟ್ಯಾಂಕ್ ತುಂಬಿಸುತ್ತಿದ್ದರಂತೆ. ಕೈ ತೊಳೆದುಕೊಂಡ ಮೇಲೆಯೇ ಸ್ಟಿಯರಿಂಗ್ ಮುಟ್ಟುತ್ತಿದ್ದರಂತೆ. ಟ್ಯಾಂಕ್ ತುಂಬದ ಗಾಡಿಯನ್ನು ಡಿಪೋದ ಗೇಟು ದಾಟಿಸಲು ಮೇಲಧಿಕಾರಿಯೇ ಬಂದು ಹೇಳಿದರೂ ಒಪ್ಪುತ್ತಿರಲಿಲ್ಲವಂತೆ. ಇವರ ಬಸ್ಸಿನಲ್ಲಿ ಕೂತು ಯಾರಿಗೂ ಒಂದು ತರಚುಗಾಯ ಆಗಿದ್ದಿಲ್ಲ. ಅದೊಂದು ಮಾತು ಬಂದರೆ ಮಾತ್ರ ಇವರಿಗೆ ಸ್ವಲ್ಪ ಜಂಬ. ಉಳಿದಂತೆ ಬಾಯಿಗೆ ಬೀಗ.

ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಮಗಳು ತನ್ನ ಹಳೆಯ ಎಲೆಕ್ಟ್ರಿಕ್ ಕಾರನ್ನು ಇವರಿಗೆ ಕೊಟ್ಟಳು. ಅವಳು ಎರಡು ಬೀದಿ ಆಚೆ ಇರುತ್ತಾಳೆ, ಆಸ್ಪತ್ರೆಯಲ್ಲಿ ನರ್ಸು. ಕಾರು ಬಂದ ಮೊದಲ ದಿನ ಇವರ ದೂರು ಒಂದೇ. "ಏನೇ ಇದು, ಸದ್ದೇ ಇಲ್ಲ! ಗಾಡಿ ಖುಷಿಯಾಗಿದೆಯೋ, ಅಳ್ತಾ ಇದೆಯೋ, ಹೇಗೆ ಗೊತ್ತಾಗ್ಬೇಕು?" ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಹುಚ್ಚು ಹತ್ತಿತು.

ಮೂಲೆಮನೆಯ ಬೇಕರಿಯವನ ಹಿತ್ತಿಲಲ್ಲಿ ಒಂದು ಟ್ರೇಲರ್ ನಿಂತಿತ್ತು. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಒಳಗೆ ಮಲಗುವಂಥದ್ದು. ಇಬ್ಬರು ದೊಡ್ಡವರು, ಒಂದು ಮಗು ಇಕ್ಕಟ್ಟಿನಲ್ಲಿ ಮಲಗಬಹುದು. ತಟ್ಟೆಯಗಲದ ಕಿಟಕಿ, ಒಂದು ಪುಟ್ಟ ಒಲೆ. ಬೇಕರಿಯವನು ಒಂದೇ ಒಂದು ಸಲ ಹೆಂಡತಿಯನ್ನು ಕರೆದುಕೊಂಡು ಹೋಗಿ, ಇಬ್ಬರೂ ಒಂದು ವಾರ ಮಾತುಬಿಟ್ಟು, ಅದನ್ನು ಅಲ್ಲಿ ತಂದು ನಿಲ್ಲಿಸಿದ್ದ. "ತಗೊಂಡು ಹೋಗಿ ಪುಣ್ಯ ಕಟ್ಕೊಳ್ಳಿ" ಅಂದನಂತೆ. ಇವರು ತಳ್ಳಿಕೊಂಡೇ ಮನೆಗೆ ತಂದರು. ನಾನು ಮಷಿನ್ ನಿಲ್ಲಿಸಿ ಬಾಗಿಲಿಗೆ ಬಂದೆ.

"ಇದೇನ್ರೀ ಇದು ಡಬ್ಬಿ?"

"ಡಬ್ಬಿ ಅಲ್ಲ ಕಣೇ. ಮನೆ."

"ಇರೋ ಮನೆ ಸಾಲದಾಯ್ತಾ?"

ಅದಕ್ಕೆ ಇವರು ಹೇಳಿದ ಮಾತು ಕೇಳಿ ನನ್ನ ಕೋಪ ಅಲ್ಲೇ ಇಳಿದುಹೋಯಿತು. "ಜೀವನ ಪೂರ್ತಿ ಜನರನ್ನ ಎಲ್ಲೆಲ್ಲಿಗೋ ಕರ್ಕೊಂಡು ಹೋಗಿ ಇಳಿಸಿದೆ. ಇಳಿಸಿ ವಾಪಸ್ ಬರೋದೇ ಆಯ್ತು. ಒಂದು ಸಲ ನಾನೂ ಇಳಿದು ನೋಡ್ಬೇಕು."

ಇನ್ನೇನು ಹೇಳುವುದು? ದಪ್ಪ ಬಟ್ಟೆ ತೆಗೆದು ಅದರ ಹಾಸಿಗೆಗೆ ಗವಸು ಹೊಲಿದೆ, ತಟ್ಟೆಯಗಲದ ಕಿಟಕಿಗೆ ಕರವಸ್ತ್ರದಷ್ಟು ಪರದೆ ಹೊಲಿದೆ. ಮೊಮ್ಮಗಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶಾಲೆಗೆ ರಜ ಬಂದ ಕೂಡಲೇ ತಾತನ ಜೊತೆ ಡಬ್ಬಿಯಲ್ಲಿ ಮಲಗುವುದು ಎಂದು ಬೀದಿಗೆಲ್ಲ ಸಾರಿಕೊಂಡು ಬಂದಳು.

ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುವ ಕಾರಣವೇ ಇರಲಿಲ್ಲ.

ಕೆಲವು ತಿಂಗಳಿಂದ ಇವರು ನಡುನಡುವೆ ಎಲ್ಲೋ ಹೋಗಿಬಿಡುತ್ತಿದ್ದರು. ದೇಹ ಇಲ್ಲೇ ಇರುತ್ತಿತ್ತು. ಟೀ ಲೋಟ ಬಾಯಿಯ ಹತ್ತಿರ ಒಯ್ದು ಹಾಗೇ ಹಿಡಿದುಕೊಂಡು ಕೂರುವರು. "ರೀ" ಅಂದರೆ, "ಆಂ, ಏನು?" ಅಂದು ಕುಡಿಯುವರು. ಮೊದಮೊದಲು ನಾನು ಬೈದೆ, ಕಿವಿ ಕೇಳಿಸುತ್ತಿಲ್ಲ ಎಂದು. ಆಮೇಲೆ ಒಂದು ದಿನ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಕಾರು ಕದಲಲಿಲ್ಲ. ಹಿಂದೆ ಹಾರ್ನುಗಳ ಗಲಾಟೆ. ಇವರು ಮುಂದೆ ನೋಡುತ್ತಲೇ ಇದ್ದಾರೆ. ನಾನು ಮೊಣಕೈಯಿಂದ ತಿವಿದ ಮೇಲೆ ಹೊರಟರು. ಇನ್ನೊಂದು ದಿನ ಮಗಳ ಮನೆಗೆ ಮೊಮ್ಮಗಳ ಚೀಲ ಕೊಟ್ಟು ಬರುತ್ತೇನೆಂದು ಹೋದವರು ಬಸ್ ಡಿಪೋದ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಕೂತಿದ್ದರಂತೆ. ಗೇಟಿನವನು ಹಳೆಯ ಪರಿಚಯದವನು, ಫೋನ್ ಮಾಡಿದ. "ಅಕ್ಕಾ, ನಿಮ್ಮ ಯಜಮಾನ್ರು ಗೇಟ್ ತೆಗೀರಿ ಅಂತಾ ಇದಾರೆ."

ಮಗಳು ಅವತ್ತು ಸಂಜೆಯೇ ಬಂದಳು. ಅವಳ ಬಾಯಿ ನನ್ನ ಬಾಯಿಯೇ, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ.

"ಅಪ್ಪಾ, ಡಾಕ್ಟ್ರ ಹತ್ರ ಹೋಗೋಣ. ಅಲ್ಲೀ ತನಕ ಕಾರಿನ ಕೀ ನನಗೆ ಕೊಡು."

ಇವರು ಎದ್ದು ನಿಂತುಬಿಟ್ಟರು. ಇವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ಏನಮ್ಮಾ, ನಾನು ಯಾರಿಗಾದ್ರೂ ಗುದ್ದಿದೀನಾ? ಒಂದು ಬೆಕ್ಕಿಗೆ?"

"ಗುದ್ದೋ ತನಕ ಕಾಯಬೇಕಾ?"

ಮಾತಿಗೆ ಮಾತು ಬೆಳೆಯಿತು. ನಾನು ನಡುವೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಪೋಣಿಸಲು ಆಗುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದೆ. ಕೊನೆಗೆ ಇವರೇ ಒಂದು ಮಾತು ತಂದರು. ಡಬ್ಬಿ ಕಟ್ಟಿಕೊಂಡು ಬೆಟ್ಟದ ಮೇಲಿನ ಮೈದಾನಕ್ಕೆ ಹೋಗಿ, ಒಂದು ರಾತ್ರಿ ಇದ್ದು ಬರುತ್ತೇನೆ. ಹೆಂಡತಿ ಜೊತೆಗಿರುತ್ತಾಳೆ. ಒಂದು ಗೀರು ಬಿದ್ದರೂ ಕೀ ನಿನ್ನದು. ಬೀಳದಿದ್ದರೆ ಈ ಮಾತು ಇನ್ನು ಎತ್ತಕೂಡದು, ರಜದಲ್ಲಿ ಮೊಮ್ಮಗಳನ್ನು ನನ್ನ ಜೊತೆ ಕಳಿಸಬೇಕು ಎಂದರು.

ಮಗಳು ನನ್ನ ಕಡೆ ತಿರುಗಿದಳು. "ಅಮ್ಮಾ, ನೀನು ನೋಡಿ ಬಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ನನ್ನ ಮಗಳನ್ನ ಆ ಕಾರಲ್ಲಿ ಕೂರಿಸೋದು ನಿನ್ನ ಮಾತಿನ ಮೇಲೆ."

"ಅವಳು ಹೇಳಲಿ, ಅದಕ್ಕೇನು" ಅಂದರು ಇವರು. ನನ್ನ ಮೇಲೆ ಅಷ್ಟು ಭರವಸೆ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ತೀರ್ಪು ಹೇಳುವ ಕೆಲಸಕ್ಕೆ ಅಪ್ಪ ಮಗಳಿಗೆ ಬೇರೆ ಯಾರೂ ಸಿಗಲಿಲ್ಲವೇ?

ಡಬ್ಬಿ ಕಟ್ಟಲು ಕಾರಿಗೆ ಕೊಕ್ಕೆ ಹಾಕಿಕೊಟ್ಟ ಮೆಕ್ಯಾನಿಕ್ ಮಾತುಗಾರ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ. "ಯಜಮಾನ್ರೇ, ಇಳಿಜಾರಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಸಾಕು, ಈ ಕಾರು ತಾನೇ ಹಿಡ್ಕೊಳ್ಳುತ್ತೆ. ಇಳಿಯೋ ಜೋರನ್ನೇ ಕರೆಂಟ್ ಮಾಡಿ ಬ್ಯಾಟರಿಗೆ ತುಂಬ್ಕೊಳ್ಳುತ್ತೆ. ಆದ್ರೆ ಬ್ಯಾಟರಿ ಮೊದಲೇ ತುಂಬಿದ್ರೆ? ಎಲ್ಲಿಗೆ ತುಂಬೋದು? ಆಗ ಹಿಡ್ಕೊಳ್ಳಲ್ಲ. ಬರೀ ಬ್ರೇಕೇ ಗತಿ. ಈ ಡಬ್ಬಿಗೆ ಅದರದ್ದೇ ಬ್ರೇಕಿಲ್ಲ, ಹಿಂದಿಂದ ನಿಮ್ಮನ್ನೇ ತಳ್ಳುತ್ತೆ. ಬೆಟ್ಟದ ಮೇಲೆ ಚಾರ್ಜಿಗೆ ಹಾಕಿದ್ರೆ ಎಂಬತ್ತು ಪರ್ಸೆಂಟಿಗೆ ನಿಲ್ಸಿ. ಮರೀಬೇಡಿ."

"ತೇಗಿದವನಿಗೆ ಮತ್ತೆ ಬಡಿಸಿದ ಹಾಗೆ ಅನ್ನು" ಎಂದು ಇವರು ನಕ್ಕರು. ಆ ಮಾತು ಇವರಿಗೆ ಎಷ್ಟು ಹಿಡಿಸಿತೆಂದರೆ ಮಗಳಿಗೆ ಹೇಳಿದರು, ಬೇಕರಿಯವನಿಗೆ ಹೇಳಿದರು, ಊಟಕ್ಕೆ ಕೂತಾಗ ನನಗೇ ಮತ್ತೆ ಹೇಳಿದರು, ತಾವೇ ಕಂಡುಹಿಡಿದವರ ಹಾಗೆ.

ಹೊರಟ ದಿನ ಬೆಳಿಗ್ಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಊರು ಬಿಡುವವರೆಗೂ ಸರಿ. ಹೆದ್ದಾರಿಗೆ ಬಂದ ಮೇಲೆ ಸ್ಟಿಯರಿಂಗ್ ಪಕ್ಕದ ಪರದೆಯ ಮೇಲೆ ಬ್ಯಾಟರಿಯ ಅಂಕಿ ನೋಡಿ ನನಗೆ ಗಾಬರಿಯಾಯಿತು. ಹಿಂದೆ ಡಬ್ಬಿ ಇದ್ದರೆ ಬ್ಯಾಟರಿ ಇಷ್ಟು ಬೇಗ ಕರಗುತ್ತದೆಂದು ಯಾರಿಗೆ ಗೊತ್ತಿತ್ತು? ಅರ್ಧ ದಾರಿಗೇ ಚಾರ್ಜಿಗೆ ನಿಲ್ಲಬೇಕಾಯಿತು. ಅಲ್ಲಿ ಇನ್ನೊಂದು ರಾಮಾಯಣ. ಚಾರ್ಜ್ ಮಾಡುವ ಜಾಗ ಒಂದು ಕಾರಿನಷ್ಟೇ ಉದ್ದ, ನಮ್ಮ ಬಾಲ ದಾರಿಗೆ ಅಡ್ಡ. ಹಿಂದಿನಿಂದ ಒಬ್ಬ ಕಿಟಕಿ ಇಳಿಸಿ, "ರೀ ತಾತಾ, ರಸ್ತೆ ನಿಮ್ಮ ಅಪ್ಪಂದಾ?" ಅಂದ.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಅಪ್ಪಂದಾದ್ರೆ ಪತ್ರ ತೋರಿಸಪ್ಪಾ" ಎಂದು ನಾನೂ ತಿರುಗಿಸಿ ಕೊಟ್ಟೆ. ಇವರು ಇಳಿದರು. ಡಬ್ಬಿಯ ಚಕ್ರಕ್ಕೆ ಕಲ್ಲು ಕೊಟ್ಟು, ಸರಪಳಿ ಬಿಚ್ಚಿ, ಕೊಕ್ಕೆ ಎತ್ತಿ, ಡಬ್ಬಿಯನ್ನು ಕೈಯಿಂದ ಪಕ್ಕಕ್ಕೆ ತಳ್ಳಿ ನಿಲ್ಲಿಸಿದರು. ಚಾರ್ಜ್ ಆದ ಮೇಲೆ ಮತ್ತೆ ಎಲ್ಲವನ್ನೂ ಒಂದಾದ ಮೇಲೊಂದು ಕಟ್ಟಿದರು. ಹಿಂದಿನ ದೀಪ ಉರಿಯುತ್ತದೆಯೇ ಎಂದು ನನ್ನನ್ನು ನಿಲ್ಲಿಸಿ ಕೇಳಿದರು. ಒಂದು ಕೊಂಡಿಯನ್ನೂ ಮರೆಯಲಿಲ್ಲ. ಇವರಿಗೆ ಏನಾಗಿದೆ, ಏನೂ ಆಗಿಲ್ಲ, ಮಗಳು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ನೋಡಿ ಎಲ್ಲರನ್ನೂ ರೋಗಿ ಮಾಡುತ್ತಾಳೆ ಎಂದುಕೊಂಡೆ. ಹಾಗೆಂದುಕೊಂಡಾಗ ಎಷ್ಟು ಹಗುರವಾಯಿತು ಗೊತ್ತೇ!

ಬೆಟ್ಟವನ್ನೂ ಚೆನ್ನಾಗಿಯೇ ಹತ್ತಿದರು. ಮೇಲೆ ದೊಡ್ಡ ಹುಲ್ಲಿನ ಮೈದಾನ, ಸಾಲಾಗಿ ಗಾಡಿ ನಿಲ್ಲಿಸುವ ಜಾಗ, ಒಂದೊಂದಕ್ಕೂ ಒಂದೊಂದು ಕರೆಂಟಿನ ಕಂಬ. ಇವರು ಮಡಚುವ ಕುರ್ಚಿ ಬಿಚ್ಚಿ ಹಾಕಿ, ಕೆಳಗೆ ಹಾವಿನಂತೆ ಬಿದ್ದಿದ್ದ ರಸ್ತೆಯನ್ನು ನೋಡುತ್ತಾ ಕೂತರು.

"ಇಲ್ಲಿಗೆ ಎಷ್ಟು ಜನರನ್ನ ತಂದು ಬಿಟ್ಟಿದೀನಿ ಗೊತ್ತೇನೇ? ಇಷ್ಟು ಚೆನ್ನಾಗಿದೆ ಅಂತ ಒಬ್ಬರೂ ಹೇಳಲಿಲ್ಲ ನೋಡು, ಕಳ್ಳರು."

ಇಬ್ಬರೂ ನಕ್ಕೆವು. ಮದುವೆಯಾದಾಗಿನಿಂದ ನಾವಿಬ್ಬರೇ ಹೀಗೆ ಒಂದು ಕಡೆ ಸುಮ್ಮನೆ ಕೂತದ್ದು ಇದೇ ಮೊದಲು. ಕತ್ತಲಾಗುವ ಮೊದಲು ಕಾರನ್ನು ಕಂಬಕ್ಕೆ ಸಿಕ್ಕಿಸಿದರು. ನಾನು ಬಾಯಿ ತೆರೆಯುವ ಮುಂಚೆಯೇ, "ಎಂಬತ್ತಕ್ಕೆ ನಿಲ್ಲೋ ಹಾಗೆ ಇಟ್ಟಿದೀನಿ. ಬಂದು ನೋಡು ಬೇಕಾದ್ರೆ" ಅಂದರು. ನೋಡಿದೆ. ಎಂಬತ್ತೇ ಇತ್ತು. ನಾನು ಹೊಲಿದ ಗವಸಿನ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇವರು ಎದ್ದು ಸ್ನಾನ ಮುಗಿಸಿ, ಗಾಡಿಯ ಸುತ್ತ ಸುತ್ತು ಹಾಕಿ ಚಕ್ರಗಳಿಗೆ ಒದೆಯುತ್ತಿದ್ದರು. ಟೀ ಕುಡಿದು ಹೊರಟೆವು. ನಾನು ಪರದೆಯ ಕಡೆ ನೋಡಲೇ ಇಲ್ಲ. ಯಾಕೆ ನೋಡಲಿ?

ಮೊದಲ ತಿರುವು ಕಳೆದು ಇಳಿಜಾರು ಶುರುವಾಯಿತು. ಇವರು ಕಾಲು ತೆಗೆದರು. ಕಾರು ಹಿಡಿಯಲಿಲ್ಲ. ಹಿಂದಿನಿಂದ ಡಬ್ಬಿ ಧಡಕ್ಕೆಂದು ತಳ್ಳಿತು. ಇವರು ಬ್ರೇಕ್ ಒತ್ತಿ ಬಿಟ್ಟರು, ಒತ್ತಿ ಬಿಟ್ಟರು. ಇನ್ನೊಂದು ತಿರುವು. ಎಂಥದೋ ಸುಟ್ಟ ವಾಸನೆ. ಆಗ ಪರದೆಯ ಕಡೆ ನೋಡಿದೆ. ನೂರಕ್ಕೆ ನೂರು.

"ರೀ, ಬ್ಯಾಟರಿ ತುಂಬಿದೆಯಲ್ರೀ!"

ನನ್ನ ಮಾತು ಇವರಿಗೆ ಕೇಳಿಸಲಿಲ್ಲ. "ಇಂಜಿನ್ ಹಿಡೀತಿಲ್ಲ" ಅಂದರು. ಇವರ ಎಡಗೈ ನನ್ನ ಮೊಣಕಾಲಿನ ಹತ್ತಿರ ಗೇರಿನ ಕೋಲು ಹುಡುಕುತ್ತಿತ್ತು. ಎಡಗಾಲು ಕ್ಲಚ್ ಹುಡುಕುತ್ತಾ ಬರಿ ನೆಲವನ್ನು ತುಳಿಯುತ್ತಿತ್ತು. ಆ ಕಾರಿನಲ್ಲಿ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಆಮೇಲೆ ತಲೆ ಎತ್ತಿ ಮೇಲಿನ ಕನ್ನಡಿ ನೋಡಿ, ನಾನು ಯಾವತ್ತೂ ಕೇಳದ ದೊಡ್ಡ ದನಿಯಲ್ಲಿ ಕೂಗಿದರು.

"ಎಲ್ಲಾರೂ ಕಂಬಿ ಹಿಡ್ಕೊಳ್ಳಿ! ನಿಂತಿರೋರು ಕೂತ್ಕೊಳ್ಳಿ! ಮಕ್ಕಳನ್ನ ಹಿಡ್ಕೊಳ್ಳಿ!"

ನನ್ನ ಜೀವ ಬಾಯಿಗೆ ಬಂತು. ಬ್ರೇಕಿಗಲ್ಲ. ಆ ಕೂಗಿಗೆ.

ಮುಂದೆ ಎಡಗಡೆ ಕಲ್ಲುಗಣಿಯ ಮಣ್ಣುದಾರಿ ಮೇಲಕ್ಕೆ ಕವಲೊಡೆದಿತ್ತು. ಇವರು ಕಾರನ್ನು ಬಲಗಡೆಯ ಅಂಚಿಗೆ ತಂದು, ಬಸ್ಸು ತಿರುಗಿಸುವ ಹಾಗೆ ಅಗಲವಾಗಿ ಬೀಸಿ ಎಡಕ್ಕೆ ಎಳೆದರು. ಬೇರೆ ಯಾರಾದರೂ ಆಗಿದ್ದರೆ ಡಬ್ಬಿ ಅಲ್ಲೇ ಮಗುಚುತ್ತಿತ್ತು. ಅದು ತೆಪ್ಪಗೆ ಹಿಂದೆಯೇ ಬಂತು. ಜಲ್ಲಿಯ ಮೇಲೆ ಏರುತ್ತಾ ಏರುತ್ತಾ ಗಾಡಿ ನಿಂತಿತು. ಧೂಳು, ಸುಟ್ಟ ವಾಸನೆ, ಆಮೇಲೆ ಏನೂ ಸದ್ದಿಲ್ಲ.

ಇವರು ಕೈ ಬ್ರೇಕ್ ಹಾಕಿ, ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದರು. ಹಿಂದಿನ ಸೀಟಿನಲ್ಲಿ ನನ್ನ ಶಾಲು, ನೀರಿನ ಬಾಟಲಿ, ಅಷ್ಟೇ.

"ಯಾರಿಗೂ ಏನೂ ಆಗಿಲ್ಲ ತಾನೇ?"

ಕೇಳಿ, ಉತ್ತರಕ್ಕೆ ಕಾದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಒಂದೊಂದೇ ಮುಖ ನೋಡುವವರ ಹಾಗೆ ಕಣ್ಣು ಸರಿಯುತ್ತಿತ್ತು. ನಾನು, "ಯಾರಿಗೂ ಏನೂ ಆಗಿಲ್ಲ" ಅಂದೆ. ಆಗ ಉಸಿರು ಬಿಟ್ಟರು.

ಸ್ವಲ್ಪ ಹೊತ್ತಾದ ಮೇಲೆ ಇಳಿದು ಚಕ್ರದ ಹತ್ತಿರ ಕೈ ಒಡ್ಡಿ ಬಿಸಿ ನೋಡಿದರು. ವಾಪಸ್ ಬಂದು ಕೂತಾಗ ಮೊದಲಿನ ಮನುಷ್ಯನೇ. ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

"ತುಂಬಿಬಿಟ್ಟಿದೆಯಲ್ಲೇ! ಯಾರು ತುಂಬಿಸಿದ್ದು?"

"ನೀವಲ್ದೆ ಇನ್ಯಾರ್ರೀ?"

"ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ತುಂಬಿಸದೆ ಹೇಗೆ..." ಎಂದವರು ಅಲ್ಲೇ ನಿಂತರು. ಮುಖ ಕೆಂಪಾಯಿತು. ಬೆಳಿಗ್ಗೆ ಎದ್ದು, ಡಿಪೋ ಬಿಡುವಾಗ ಮಾಡುತ್ತಿದ್ದದ್ದನ್ನೇ ಮಾಡಿದ್ದರು. ಎಂಬತ್ತನ್ನು ನೂರಕ್ಕೆ ಏರಿಸಿ, ಕೈ ತೊಳೆದುಕೊಂಡು ಬಂದಿದ್ದರು. "ಛೆ. ಇದೊಂದು ಮಗಳಿಗೆ ಹೇಳ್ಬೇಡ ಕಣೇ. ಯಾರಿಗಾದ್ರೂ ಆಗೋ ತಪ್ಪು ಇದು."

ನಿಜ, ಯಾರಿಗಾದರೂ ಆಗುವ ತಪ್ಪು. ಅದನ್ನು ನಾನು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಹಿಂದಿನ ಸೀಟಿಗೆ ಕೇಳಿದ ಪ್ರಶ್ನೆ? ಅದರ ಸುದ್ದಿಯನ್ನೇ ಇವರು ಎತ್ತಲಿಲ್ಲ. ಎತ್ತಲಿಲ್ಲ ಅಲ್ಲ, ಅದು ಇವರಿಗೆ ಗೊತ್ತೇ ಇರಲಿಲ್ಲ.

ಹೀಟರನ್ನು ಜೋರಾಗಿ ಹಾಕಿ ಬ್ಯಾಟರಿ ಇಳಿಸಿ, ಬ್ರೇಕು ತಣ್ಣಗಾಗುವ ತನಕ ಕೂತೆವು. ಉಳಿದ ಇಳಿಜಾರನ್ನು ಇವರು ಬೆಣ್ಣೆಯ ಹಾಗೆ ಇಳಿಸಿದರು. ಊರಿನವರೆಗೂ ಒಂದು ತಪ್ಪು ಇಲ್ಲ. ಹಾಡು ಬೇರೆ ಗುನುಗುತ್ತಿದ್ದರು. ನಾನು ಸೀಟಿನ ಅಂಚು ಹಿಡಿದುಕೊಂಡು ಕೂತಿದ್ದೆ. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಏನೂ ಆಗದೆ ಇರಬಹುದು. ಹೇಳಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಈ ಮನುಷ್ಯನಿಂದ ಸ್ಟಿಯರಿಂಗ್ ತೆಗೆದರೆ ಉಳಿಯುವುದೇನು?

ಮನೆಯ ಮುಂದೆ ಮಗಳು, ಮೊಮ್ಮಗಳು ಕಾಯುತ್ತಾ ನಿಂತಿದ್ದರು. ಮೊಮ್ಮಗಳ ಕಂಕುಳಲ್ಲಿ ದಿಂಬು. ಮಗಳು ಕಾರಿನ ಸುತ್ತ, ಡಬ್ಬಿಯ ಸುತ್ತ ನೋಡಿದಳು. ಒಂದು ಗೀರೂ ಇರಲಿಲ್ಲ.

"ನೋಡ್ಕೋ, ನೋಡ್ಕೋ" ಅಂದರು ಇವರು. ಇಷ್ಟಗಲ ಮುಖ. ಅಷ್ಟರಲ್ಲಿ ಮೊಮ್ಮಗಳು ಹಿಂದಿನ ಬಾಗಿಲು ತೆಗೆದು ಹತ್ತಿ ಕೂತು, ಬೆಲ್ಟು ಹಾಕಿಕೊಂಡಾಗಿತ್ತು. "ತಾತಾ, ಒಂದು ರೌಂಡ್! ಈಗಲೇ!"

"ಹೇಗಿತ್ತಮ್ಮಾ?" ಮಗಳು ನನ್ನನ್ನು ಕೇಳಿದಳು.

ಇವರೂ ನನ್ನ ಕಡೆ ತಿರುಗಿದರು. ಮುಖದ ಮೇಲೆ ಅದೇ ಭರವಸೆ. ಹಿಂದಿನ ಸೀಟಿನಲ್ಲಿ ಮಗು ಕಾಲು ಆಡಿಸುತ್ತಿತ್ತು.

"ರೀ," ಅಂದೆ. "ಆ ಕಲ್ಲುಗಣಿ ಹತ್ರ ಗಾಡಿ ನಿಂತ ಮೇಲೆ ಹಿಂದೆ ತಿರುಗಿ ಏನೋ ಕೇಳಿದ್ರಲ್ಲ. ನೆನಪಿದೆಯಾ?"

"ನಾನಾ? ಯಾರನ್ನ ಕೇಳಿದೆ?"

"ಬಸ್ಸಲ್ಲಿರೋರನ್ನ. ಯಾರಿಗೂ ಏನೂ ಆಗಿಲ್ಲ ತಾನೇ ಅಂತ. ಅದಕ್ಕೂ ಮುಂಚೆ, ಎಲ್ಲಾರೂ ಕಂಬಿ ಹಿಡ್ಕೊಳ್ಳಿ ಅಂದ್ರಿ. ಹಿಂದೆ ಯಾರೂ ಇರಲಿಲ್ಲ ಕಣ್ರೀ. ನಾನೊಬ್ಳೇ ಇದ್ದದ್ದು."

ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಇವರು ನನ್ನನ್ನೇ ನೋಡುತ್ತಾ ನಿಂತರು. ಬೈಯಲಿ, ಸುಳ್ಳು ಹೇಳುತ್ತೀಯಾ ಅನ್ನಲಿ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಇವರು ಮೆಲ್ಲಗೆ ಕೇಳಿದರು.

"ನೀನೇನಂದೆ?"

"ಯಾರಿಗೂ ಏನೂ ಆಗಿಲ್ಲ ಅಂದೆ."

ಹೂಂ ಎಂದು ತಲೆ ಆಡಿಸಿದರು. ಜೇಬಿನಿಂದ ಕೀ ತೆಗೆದು ನನ್ನ ಕೈಗೂ ಕೊಡಲಿಲ್ಲ, ಮಗಳ ಕೈಗೂ ಕೊಡಲಿಲ್ಲ. ಕಾರಿನ ಮೇಲಿಟ್ಟು, ಹಿಂದಿನ ಬಾಗಿಲು ತೆಗೆದು, ಬಗ್ಗಿ ಮೊಮ್ಮಗಳ ಬೆಲ್ಟು ಬಿಚ್ಚಿದರು.

"ಇಳಿ ಪುಟ್ಟಿ. ಗಾಡಿ ಮುಂದಕ್ಕೆ ಹೋಗಲ್ಲ."

"ಯಾಕೆ ತಾತಾ? ಕೆಟ್ಟೋಯ್ತಾ?"

"ಗಾಡಿ ಕೆಟ್ಟಿಲ್ಲ ಕಣೇ" ಅಂದರು ಇವರು.